ಎರವಲು ಕಿವಿ

ಹದಿನಾಲ್ಕು ಕೆಜಿಯ ಆಂಪ್ಲಿಫೈಯರನ್ನು ಟವೆಲಿನಲ್ಲಿ ಸುತ್ತಿ, ಎದೆಗವಚಿಕೊಂಡು, ಅರಸೀಕೆರೆಯ ಮೋಹನ್‌ಕುಮಾರ್ ಹಳೇಬೀಡಿನ ನಾಗಕುಮಾರನ ಮನೆ ಬಾಗಿಲಲ್ಲಿ ನಿಂತಿದ್ದ. ನಾಗಕುಮಾರ ಕಂಗಾಲಾದ. ಹೆಂಡತಿ ಜಯಮಾಲಾ ಮನೆಯಲ್ಲಿರಲಿಲ್ಲ. ಹೊಲಿಯಲು ಕೊಟ್ಟಿದ್ದ ರವಿಕೆ ತರಲು ಬೆಳಿಗ್ಗೆಯೇ ಬೇಲೂರಿಗೆ ಹೋಗಿದ್ದಳು.

"ಒಂದು ಫೋನ್ ಮಾಡಿ ಬರಬಾರದಿತ್ತೇನ್ರೀ?"

"ಮಾಡಿದ್ರೆ ನೀವು ತಯಾರಾಗಿಬಿಡ್ತಿದ್ರಿ ಸಾರ್. ನಂಗೆ ಬೇಕಾಗಿರೋದು ನಿಮ್ಮ ಬಾಯಿಂದ ತಟ್ಟನೆ ಬರೋ ಮಾತು. ಎರಡು ವರ್ಷ ಕೂತು ಕಟ್ಟಿದೀನಿ ಇದನ್ನ. ಟ್ರಾನ್ಸ್‌ಫಾರ್ಮರ್ ನಾನೇ ಸುತ್ತಿದ್ದು. ನೀವು ಒಪ್ಪಿದ್ರೆ ಇಂಥವೇ ಇನ್ನಷ್ಟು ಮಾಡ್ತೀನಿ. ಇಲ್ಲಾಂದ್ರೆ ಬಿಚ್ಚಾಕ್ತೀನಿ."

ಮೋಹನ್‌ಕುಮಾರನದು ಮೋಟಾರು ರಿವೈಂಡಿಂಗ್ ಅಂಗಡಿ. ಇಬ್ಬರೂ ಮುಖ ನೋಡಿದ್ದು ಅಂದೇ ಮೊದಲು. ಆದರೆ ಆಂಪ್ಲಿಫೈಯರ್ ಹುಚ್ಚಿನವರ ವಾಟ್ಸಾಪ್ ಗುಂಪಿನಲ್ಲಿ ನಾಗಕುಮಾರನ ಮಾತೆಂದರೆ ಮುಗಿಯಿತು. ಯಾರೇ ಹೊಸ ಪೆಟ್ಟಿಗೆ ಕೊಂಡರೂ ಒಂದು ವಾರ ಇವನ ಮನೆಗೆ ಕಳಿಸುತ್ತಿದ್ದರು. ಮಿಕ್ಕವರು ವ್ಯಾಟು ಎಷ್ಟು, ಓಮು ಎಷ್ಟು ಎಂದು ಬರೆದರೆ, ಬಟ್ಟೆ ವ್ಯಾಪಾರಿಯಾದ ನಾಗಕುಮಾರ, 'ಇದರ ದನಿ ಗಂಜಿ ಹಾಕಿ ಇಸ್ತ್ರಿ ಮಾಡಿದ ಸೀರೆ. ನೋಡಲು ನೀಟು, ಉಟ್ಟರೆ ಚುಚ್ಚುತ್ತದೆ' ಎಂದು ಬರೆಯುತ್ತಿದ್ದ. 'ಇದು ತಳ ಹಿಡಿದ ಪಾಯಸ. ಸಿಹಿಯ ಹಿಂದೆಯೇ ಒಂದು ಕಮಟು ಇದೆ' ಎಂದು ಬರೆದ ದಿನವಂತೂ ಗುಂಪಿನಲ್ಲಿ ಚಪ್ಪಾಳೆಯ ಮಳೆ. ಮಾತೆಲ್ಲ ಜಯಮಾಲಳದು. ಅವಳು ಅವರೆಕಾಯಿ ಸುಲಿಯುತ್ತ ಹೇಳುವಳು, ಇವನು ಪಕ್ಕದಲ್ಲಿ ಕೂತು ಹೆಬ್ಬೆರಳಲ್ಲಿ ಫೋನಿಗೆ ಒತ್ತುವನು. ಒಂದು ಆಂಪ್ಲಿಫೈಯರಿಗೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ಅವನಿಗೆ ತಾನಾಗಿ ತಿಳಿಯುತ್ತಿದ್ದುದು ಎತ್ತಿ ಇಡುವಾಗ ಮಾತ್ರ.

ಸ್ಪೀಕರಿನ ತಂತಿ ಸಿಕ್ಕಿಸಿದ್ದಾಯಿತು. ಹಳೆಯದೊಂದು ಭಾವಗೀತೆ ಶುರುವಾಯಿತು. ನಾಗಕುಮಾರ ಕಣ್ಣು ಮುಚ್ಚಿದ. ಹಾಡು ಕೇಳಿಸಿತು, ಅದಕ್ಕಿಂತ ಹೆಚ್ಚೇನೂ ಕೇಳಿಸಲಿಲ್ಲ.

"ಹೆಂಗೈತೆ ಸಾರ್?" ಮೋಹನ್‌ಕುಮಾರ್ ನೋಟ್‌ಬುಕ್ ಬಿಚ್ಚಿದ.

"ಗಟ್ಟಿ ಮೊಸರು."

"ಎಲ್ಲಿ ಸಾರ್? ಬಾಸಲ್ಲೋ, ಮೇಲಿನ ದನೀಲೋ?"

"ಎಲ್ಲಾ ಕಡೆ ಮೊಸರೇ."

ಮೋಹನ್‌ಕುಮಾರ್ ಬರೆದುಕೊಂಡ. ಯೋಚಿಸಿದ. ಹೊಡೆದು ಹಾಕಿದ. ನಾಗಕುಮಾರ, "ಒಂದು ನಿಮಿಷ, ಬಂದೆ" ಎಂದು ಹಿತ್ತಲಿಗೆ ಓಡಿ ಹೆಂಡತಿಗೆ ಫೋನ್ ಮಾಡಿದ. "ಜಯಾ, ಇದನ್ನ ಸ್ವಲ್ಪ ಕೇಳು. ಹೇಗಿದೆ ಹೇಳು," ಎಂದು ಫೋನನ್ನು ಕಿಟಕಿಯ ಸರಳಿಗೆ ಒತ್ತಿ ಹಿಡಿದ.

ಆ ಕಡೆಯಿಂದ "ಹಗರೆ, ಹಾಸ್ನ ಹಾಸ್ನ ಹಾಸ್ನ" ಎಂಬ ಕಂಡಕ್ಟರನ ಕೂಗಿನ ನಡುವೆ ಜಯಮಾಲಳ ದನಿ ಬಂತು: "ನಾನು ಬಸ್‌ಸ್ಟ್ಯಾಂಡಲ್ಲಿದೀನಿ ಕಣ್ರೀ. ಎಲ್ಲಾ ಒಟ್ಟಿಗೇ ಕಿರುಚ್ತಿದಾರೆ, ಒಂದು ಮಾತೂ ಬಿಡಿಯಾಗಿ ಕೇಳ್ತಿಲ್ಲ. ಬಸ್ ಬಂತು, ಇಡ್ತೀನಿ."

ಅವಳು ಹೇಳಿದ್ದು ಬಸ್‌ಸ್ಟ್ಯಾಂಡಿನ ಗಲಾಟೆಯನ್ನು ಎಂದು ನಾಗಕುಮಾರನಿಗೆ ಗೊತ್ತಿತ್ತು. ಆದರೆ ಜಯಮಾಲಳ ಬಾಯಿಂದ ಬಂದ ಮಾತು ಗುಂಪಿನಲ್ಲಿ ಎಂದೂ ಸೋತದ್ದಿಲ್ಲ. ಒಳಗೆ ಬಂದು, ಗಂಟಲು ಸರಿಮಾಡಿಕೊಂಡು ಹೇಳಿದ: "ಬೇಲೂರು ಬಸ್‌ಸ್ಟ್ಯಾಂಡ್ ಕಣ್ರೀ. ಎಲ್ಲಾ ಒಟ್ಟಿಗೇ ಕಿರುಚ್ತಿದಾರೆ. ಒಂದೂ ಬಿಡಿಯಾಗಿ ಕೇಳ್ತಿಲ್ಲ."

ಮೋಹನ್‌ಕುಮಾರನ ಪೆನ್ನು ನಿಂತಿತು. ಎದ್ದು ಹಾಡು ಆರಿಸಿದ. "ನಂಗೂ ಒಳಗೊಳಗೇ ಅದೇ ಅನುಮಾನ ಇತ್ತು ಸಾರ್. ಮನೇಲಿ ಎಲ್ರೂ ಚೆನ್ನಾಗೈತೆ ಅಂದ್ರು, ನಾನೇ ನಂಬಲಿಲ್ಲ." ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು, ಅಲ್ಲೇ ನೆಲದ ಮೇಲೆ ಕೂತು ಮುಚ್ಚಳ ಬಿಚ್ಚತೊಡಗಿದ. "ತಾಮ್ರದ ತಂತಿ ಆದ್ರೂ ಯಾವ್ದಾದ್ರೂ ಪಂಪ್‌ಸೆಟ್ಟಿಗೆ ಆಗ್ತೈತೆ." ಒಂದು ಸ್ಕ್ರೂ ಬಂತು. ಎರಡು. ಮೂರನೆಯದಕ್ಕೆ ಸ್ಕ್ರೂಡ್ರೈವರ್ ಊರುವ ಮೊದಲು ಟವೆಲಿನಿಂದ ಮುಚ್ಚಳದ ಧೂಳು ಒರೆಸಿದ.

ನಾಗಕುಮಾರನಿಗೆ ತಡೆಯಲಾಗಲಿಲ್ಲ. ಮುಚ್ಚಳದ ಮೇಲೆ ಎರಡೂ ಅಂಗೈ ಊರಿದ. "ಬಿಚ್ಬೇಡಿ. ಆ ಕಿವಿ ನಂದಲ್ಲ, ನಮ್ಮ ಮನೆಯವರದ್ದು. ಅವರು ಊರಲ್ಲಿಲ್ಲ. ನಾನು ಹೇಳಿದ್ದು ನಿಜವಾಗಲೂ ಬಸ್‌ಸ್ಟ್ಯಾಂಡಿನ ಸುದ್ದಿ."

ಮೋಹನ್‌ಕುಮಾರ್ ಸ್ಕ್ರೂಡ್ರೈವರ್ ಕೆಳಗಿಟ್ಟ. "ಇಸ್ತ್ರಿ ಸೀರೆ?"

"ಅವಳದು."

"ತಳ ಹಿಡಿದ ಪಾಯಸ?"

"ಅದೂ ಅವಳದೇ."

"ಹಂಗಾದ್ರೆ ನಿಮ್ಮದು ಯಾವ್ದು ಸಾರ್?"

"ಗಟ್ಟಿ ಮೊಸರು," ಎಂದ ನಾಗಕುಮಾರ, ನೆಲ ನೋಡುತ್ತ.

ಮುಕ್ಕಾಲು ಗಂಟೆ ಕಳೆಯಿತು. ಜಯಮಾಲಾ ಬಂದಳು. ಗಂಡ ತಡವರಿಸುತ್ತ ಎಲ್ಲ ಒಪ್ಪಿಸಿದ. ಮೋಹನ್‌ಕುಮಾರ್ ಹಾಡು ಮತ್ತೆ ಹಾಕಿದ. ಅವಳು ಕೈಚೀಲ ತೋಳಿನಲ್ಲಿದ್ದಂತೆಯೇ ಗೋಡೆಗೊರಗಿ ನಿಂತು ಹಾಡಿನ ಪಲ್ಲವಿ ಕೇಳಿದಳು. "ಇನ್ನೊಂದ್ಸಲ ಹಾಕಿ," ಎಂದಳು. ಮತ್ತೆ ಕೇಳಿದಳು.

"ಸಾಲು ಎತ್ತೋಕೆ ಮುಂಚೆ ಹಾಡೋಳು ಉಸಿರು ತಗೊಂಡಿದ್ದು ಕೇಳ್ಸಿತು. ನಮ್ಮ ಪೆಟ್ಟಿಗೇಲಿ ಅವಳು ಇಷ್ಟು ವರ್ಷ ಉಸಿರಾಡದೇ ಹಾಡ್ತಿದ್ಲು. ತಬಲಾದವರು ಮಾತ್ರ ಸ್ವಲ್ಪ ಬಾಗಿಲಾಚೆ ಕೂತಿದಾರೆ. ಅವರನ್ನೊಂಚೂರು ಒಳಗೆ ಕರೀರಿ, ಸಾಕು."

ಮೋಹನ್‌ಕುಮಾರ್ ಇದನ್ನು ಬರೆದುಕೊಳ್ಳಲೇ ಇಲ್ಲ. ಮೂಗು ಉಜ್ಜಿಕೊಂಡು, ಬಿಚ್ಚಿದ ಸ್ಕ್ರೂಗಳನ್ನು ಒಂದೊಂದಾಗಿ ತಿರುಗಿಸಿ ಕೂರಿಸಿದ. ಆಮೇಲೆ ಕೈಮುಗಿದು ಕೇಳಿದ: "ಇಷ್ಟು ಸೂಕ್ಷ್ಮ ಕಿವಿ ಹೆಂಗೆ ಬಂತಕ್ಕಾ ನಿಮಗೆ? ಸಂಗೀತ ಕಲ್ತಿದೀರಾ?"

"ಎಲ್ಲಿಯ ಸಂಗೀತ! ಇಪ್ಪತ್ತೆಂಟು ವರ್ಷದಿಂದ ನಾನು ಏನು ಹೇಳಿದ್ರೂ ಇವರು 'ಹೂಂ' ಅಂತಾರೆ. ಯಾವ 'ಹೂಂ' ಕೇಳಿಸ್ಕೊಂಡು ಅಂದಿದ್ದು, ಯಾವುದು ಕೇಳಿಸ್ಕೊಳ್ದೆ ಅಂದಿದ್ದು ಅಂತ ಕಂಡುಹಿಡಿದೂ ಕಂಡುಹಿಡಿದೂ ಹೀಗಾಯ್ತು."

ನಾಗಕುಮಾರ ತಲೆಯಾಡಿಸುತ್ತ ಬಾಯಿ ತೆರೆದವನು, ಬರುತ್ತಿದ್ದ ಅಕ್ಷರವನ್ನು ಹಾಗೇ ನುಂಗಿಕೊಂಡ.