ಹಾಸಿಗೆ ಪಕ್ಕದ ಬೇಸಿನ್

ಬೆಳಿಗ್ಗೆ ಎಂಟು ಗಂಟೆ. ಐಸಿಯುನಲ್ಲಿದ್ದ ಹುಡುಗಿಗೆ ಕೊನೆಯ ಆ್ಯಂಟಿಬಯಾಟಿಕ್ ಕೂಡ ನಾಟಲಿಲ್ಲ. ಸೋಂಕು ಆಕೆಗೆ ತಗುಲಿದ್ದೇ ಆಸ್ಪತ್ರೆಗೆ ಬಂದ ಮೇಲೆ. ಡಾಕ್ಟರ್ ನಾಗವೇಣಿಗೆ ತಲೆ ಕೆಟ್ಟುಹೋಯಿತು. ಬಾಟಲಿಯಲ್ಲಿ ಉಳಿದಿದ್ದ ಔಷಧವನ್ನು ಎಂದಿನಂತೆ ಹಾಸಿಗೆ ಪಕ್ಕದ ಬೇಸಿನ್ನಿಗೆ ಸುರಿದು, ಹುಡುಗಿಯ ತಾಯಿಯತ್ತ ತಿರುಗಿದರು.

“ಹೊನ್ನವ್ವಾ, ಕೈ ತೊಳಕೊಳ್ಳದೇ ಮಗಳನ್ನ ಮುಟ್ಟಬ್ಯಾಡ ಅಂತ ಎಷ್ಟು ಸಲ ಹೇಳಬೇಕವಾ ನಿನಗ?”

“ತೊಳಕೊಂಡೇ ಮುಟ್ಟೇನ್ರೀ ಡಾಕ್ಟರ್ ಬಾಯಾರ. ಬೇಕಾದ್ರ ಸಿಸ್ಟರನ್ನ ಕೇಳ್ರಿ.”

“ಅದೇನ್ ತೊಳಿಯೂದು? ಇಲ್ಲಿ ನೋಡು.”

ನಾಗವೇಣಿ ನಲ್ಲಿ ಜೋರಾಗಿ ಬಿಟ್ಟು, ಮೊಣಕೈವರೆಗೂ ಸೋಪು ತಿಕ್ಕಿ ತೋರಿಸಿದರು. ನೀರು ಬೇಸಿನ್ನಿನ ತೂತಿಗೆ ಬಡಿದು ಅವರ ಕೈಗೂ ಹುಡುಗಿಯ ಹೊದಿಕೆಗೂ ಸಿಡಿಯಿತು.

ಅಷ್ಟರಲ್ಲಿ ಲ್ಯಾಬಿನ ದೇಸಾಯಿ ಒಳಗೆ ಬಂದರು.

“ಮೇಡಂ, ಈ ಹುಡುಗಿ ಮೈಯಾಗಿನ ಬ್ಯಾಕ್ಟೀರಿಯಾ ಎಲ್ಲಿಂದ ಬಂತು ಅಂತ ಗೊತ್ತಾತು. ಈ ಬೇಸಿನ್ನಿನ ಪೈಪಿನ ಲೋಳಿಯೊಳಗ ಮನಿ ಮಾಡೇತಿ. ನಾವು ಸುರಿದ ಔಷಧ ಎಲ್ಲಾ ಕುಡದು ಅರಗಿಸಿಕೊಂಡೇತಿ.”

ನಾಗವೇಣಿ ಒದ್ದೆ ಕೈಗಳನ್ನು ಹಿಂದಕ್ಕೆ ಎಳೆದುಕೊಂಡರು.

ಹೊನ್ನವ್ವ ಮಗಳ ಮಂಚವನ್ನು ಬೇಸಿನ್ನಿನಿಂದ ದೂರ ತಳ್ಳತೊಡಗಿದಳು.