ಅಂಕಲ್, ಮುಖ ಅಲ್ಲಾಡಿಸಬೇಡಿ

ಮಾತು ಬೆಳ್ಳಿ, ಮೌನ ಪ್ಲಾಸ್ಟರ್. ಗಾದೆ ತಪ್ಪೆಂದು ಯಾರೂ ತಿದ್ದಲು ಬರಬೇಕಿಲ್ಲ. ಇದು ಅಡಿಲೇಡಿನ ಮಾಡ್ಬರಿ ಬಡಾವಣೆಯಲ್ಲಿ ಹಾಡಹಗಲೇ ನಡೆದ ಸಂಗತಿ. ನಡೆದದ್ದು ನಡೆದ ಹಾಗೆ ಹೇಳುತ್ತೇನೆ.

ಮ್ಯಾಕ್ಸಿಮ್ ಅಂಕಲ್ ತಮ್ಮದೇ ಊಟದ ಮೇಜಿನ ಮೇಲೆ ಅಂಗಾತ ಮಲಗಿದ್ದರು. ಮುಖದ ತುಂಬ ಒದ್ದೆ ಪ್ಲಾಸ್ಟರ್, ಮೂಗಿನ ಹೊಳ್ಳೆಗಳಲ್ಲಿ ಉಸಿರಾಡಲು ಎರಡು ಸ್ಟ್ರಾ. ಪಕ್ಕದಲ್ಲಿ, ಬಿಳಿ ಮೆತ್ತಿದ ಕೈಯಲ್ಲಿ ಬಟ್ಟಲು ಹಿಡಿದು ನಿಂತವಳು ಅವರ ಮನೆಯ ಬಾಡಿಗೆದಾರಳು, ಶಿಲ್ಪಕಲೆಯ ವಿದ್ಯಾರ್ಥಿನಿ ತನುಶ್ರೀ.

"ಅಂಕಲ್, ಇನ್ನೊಂದು ಕಾಲು ಗಂಟೆ. ಕೆನ್ನೆ ಅಲ್ಲಾಡಿದ್ರೆ ಅಚ್ಚು ಹಾಳು. ನಾಳೆ ಕ್ಯಾರೋಲ್ ಮೇಡಂ ನನ್ನ ಫೇಲ್ ಮಾಡ್ತಾರೆ. ಆಮೇಲೆ ಇನ್ನೊಂದು ಸೆಮಿಸ್ಟರ್ ನಿಮ್ಮನೇಲೇ ಕೂತು ನಿಮ್ಮ ತಲೆ ತಿಂತೀನಿ. ಗೊತ್ತಾಯ್ತಾ?"

ಅಂಕಲ್ ಹೆಬ್ಬೆರಳೆತ್ತಿ ಒಪ್ಪಿಗೆ ಸೂಚಿಸಿದರು.

ಈ ತಾಪತ್ರಯಕ್ಕೆಲ್ಲ ಮೂಲಪುರುಷ ಗಾಟ್‌ಲೀಬ್ ಶ್ಟೈನ್‌ಹೋಫ್, ಹತ್ತೊಂಬತ್ತನೇ ಶತಮಾನದ ಜರ್ಮನ್ ಶಿಲ್ಪಿ. ಕಲ್ಲುಕುಟಿಗನ ಮಗ, ಊರು ಬಿಟ್ಟು ಬರ್ಲಿನ್ ಸೇರಿ, ರಾಜರು, ಪಾದ್ರಿಗಳು, ಸೇನಾಪತಿಗಳು ಯಾರು ಸಿಕ್ಕರೂ ಮಲಗಿಸಿ ಮುಖಕ್ಕೆ ಪ್ಲಾಸ್ಟರ್ ಬಳಿದು ಅಚ್ಚು ತೆಗೆಯುತ್ತಿದ್ದ. ಮದುವೆಯಾದ ವಾರದಲ್ಲೇ ಹೆಂಡತಿಯ ಮುಖಕ್ಕೂ ಬಳಿದನಂತೆ. 'ಮುಖ ತನ್ನನ್ನು ತಾನು ಮರೆತಾಗಲೇ ನಿಜವಾದ ಮುಖ' ಎನ್ನುವುದು ಅವನ ಸಿದ್ಧಾಂತ. ಹಾಗಾಗಿ ಅವನು ಕಡೆದ ಅಮೃತಶಿಲೆಯ ಗಣ್ಯರೆಲ್ಲ ಹಲ್ಲುನೋವಿಗೆ ಔಷಧ ಸಿಗದವರಂತೆ ಕಾಣುತ್ತಾರೆ. ಅವನದೇ ವಿಧಾನದಲ್ಲಿ ಒಂದು ಜೀವಂತ ಮುಖದ ಅಚ್ಚು ತನ್ನಿ ಎಂದಿದ್ದರು ಕ್ಯಾರೋಲ್. ತನುಶ್ರೀ ಈಗಾಗಲೇ ಇಬ್ಬರು ಗೆಳೆಯರ ಮುಖದ ಅಚ್ಚು ಕೆಡಿಸಿಕೊಂಡಿದ್ದಳು. ಒಬ್ಬ ಸೀನಿದ, ಇನ್ನೊಬ್ಬ ನಿದ್ದೆಹೋಗಿ ಬಾಯಿ ತೆರೆದ. ಗಾಟ್‌ಲೀಬನ ಹೆಸರೆತ್ತಿದರೆ ಅವಳಿಗೀಗ ಮೈಯೆಲ್ಲ ಉರಿಯುತ್ತಿತ್ತು.

ಪ್ಲಾಸ್ಟರ್ ಇನ್ನೇನು ಬಿಗಿಯುತ್ತದೆ ಎನ್ನುವಾಗ ಅಡುಗೆಮನೆಯಿಂದ ಪೆಟ್ರೋನಿಲ್ಲಾ ಆಂಟಿಯ ಧ್ವನಿ ಸಿಡಿಯಿತು.

"ಮ್ಯಾಕ್ಸಿಮ್! ಎಂತ ಇದು? ಕಾರಿನ ಸೀಟಿನಡಿ ಮೀಟ್ ಪೈ ಕವರ್ ಉಂಟಲ್ಲ! ಪೆಟ್ರೋಲ್ ಹಾಕ್ಲಿಕ್ಕೆ ಸರ್ವೋ ಬಂಕಿಗೆ ಹೋಗುದಾ, ಪೈ ತಿನ್ಲಿಕ್ಕೆ ಹೋಗುದಾ? ಶುಗರ್ ಉಂಟು, ನೆನಪುಂಟಾ?"

ಆಂಟಿ ಮನೆಯಲ್ಲಿ ಕೊಂಕಣಿ ಆಡುವವರು. ಗಂಡನನ್ನು ಬಯ್ಯುವಾಗ ಮಾತ್ರ ಕನ್ನಡಕ್ಕಿಳಿಯುತ್ತಿದ್ದರು, ಬಾಡಿಗೆಯವರಿಗೂ ಅರ್ಥವಾಗಲಿ ಎಂದು. ಅಂಕಲ್ ಗಾಬರಿಬಿದ್ದು ಶಿಲುಬೆಯ ಗುರುತು ಮಾಡಹೊರಟರು. ಬೆರಳು ಹಣೆಯ ಪ್ಲಾಸ್ಟರಿಗೆ ತಗಲುವ ಮೊದಲೇ ತನುಶ್ರೀ ಕೈ ಹಿಡಿದಳು.

"ಅಂಕಲ್, ಅದು ಆಂಟಿ ಅಲ್ಲ! ಅವರು ಡ್ಯೂಟೀಲಿದ್ದಾರೆ. ಇದು ಸುಮಂತ, ಮುಂದಿನ ರೂಮಿನ ಕೋತಿ. ಮಿಮಿಕ್ರಿ ಮಾಡ್ತಿದಾನೆ."

"ಯಾರು ಕೋತಿ?" ಎಂದಿತು ಅಡುಗೆಮನೆ. "ನನ್ನ ಮನೆಯಲ್ಲಿದ್ದು ನನಗೇ ಕೋತಿ ಅಂತೀಯಾ ಮಾರಾಯ್ತಿ?"

ತನುಶ್ರೀಗೇ ಒಂದು ಕ್ಷಣ ಅನುಮಾನ ಬಂತು. ಅಂಕಲ್ಲಿಗಂತೂ ಅನುಮಾನವೇ ಉಳಿಯಲಿಲ್ಲ. ಎರಡೂ ಕೈ ಜೋಡಿಸಿದರು. ಒಂದೇ ಪೈ ಎಂಬಂತೆ ಒಂದು ಬೆರಳೆತ್ತಿದರು. ಸ್ವಲ್ಪ ಯೋಚಿಸಿ ಇನ್ನೆರಡು ಸೇರಿಸಿದರು.

"ಯಾವ ಪೈ?" ಎಂದು ಅದೇ ಧ್ವನಿ ಈಗ ಬೆನ್ನ ಹಿಂದೆ ಕೇಳಿತು.

"ಸಾಕು ಮಾಡೋ ಸುಮಂತ!" ತನುಶ್ರೀ ತಿರುಗದೆಯೇ ಕಿರುಚಿದಳು. "ಆಂಟಿ ಕೂಡ ಇಷ್ಟು ವಟಗುಟ್ಟಲ್ಲ!"

"ಯಾರಿಗೆ ಬಯ್ಯುದು ನೀನು?" ಅಡುಗೆಮನೆಯಿಂದ ಉತ್ತರ ಬಂತು.

ಮುಂದೊಂದು ಆಂಟಿ, ಹಿಂದೊಂದು ಆಂಟಿ. ತನುಶ್ರೀ ನಿಧಾನವಾಗಿ ತಿರುಗಿದಳು. ಬಾಗಿಲಲ್ಲಿ ನರ್ಸ್ ಸಮವಸ್ತ್ರದಲ್ಲಿ, ಹೆಗಲಿಗೆ ಬ್ಯಾಗು ತೂಗುಹಾಕಿಕೊಂಡು ಪೆಟ್ರೋನಿಲ್ಲಾ ಆಂಟಿ ನಿಂತಿದ್ದರು. ಅವರು ಅಡುಗೆಮನೆಯತ್ತ ಕತ್ತು ಚಾಚಿ ಗದರಿದರು.

"ಅಲ್ಲಿ ಒಳಗೆ ಯಾರು ನಾನು?"

ಅಡುಗೆಮನೆಯಲ್ಲಿ ತಟ್ಟೆಯೊಂದು ಬಿತ್ತು. ಮೇಜಿನ ಮೇಲೆ ಅಂಕಲ್ಲಿಗೆ ಎಲ್ಲವೂ ಅರ್ಥವಾಯಿತು: ತಾನು ಬೇಸ್ತುಬಿದ್ದದ್ದು, ಬೇಸ್ತುಬಿದ್ದು ತಪ್ಪೊಪ್ಪಿಕೊಂಡದ್ದು, ಅದನ್ನು ನಿಜವಾದ ಹೆಂಡತಿಯೇ ನೋಡಿದ್ದು. ಹೊಟ್ಟೆ ಕುಲುಕತೊಡಗಿತು. ಸ್ಟ್ರಾಗಳು ಕುಕ್ಕರಿನಂತೆ ಸೀಟಿ ಹಾಕಿದವು.

"ಅಂಕಲ್, ನಗ್ಬೇಡಿ! ಆಂಟಿ, ಬಯ್ಬೇಡಿ! ಕಾಲಿಗೆ ಬೀಳ್ತೀನಿ, ಐದೇ ನಿಮಿಷ!"

ಆಂಟಿ ಗಂಡನ ಭುಜದ ಮೇಲೆ ಕೈಯಿಟ್ಟರು. "ಮೊದಲು ಗಟ್ಟಿಯಾಗ್ಲಿ. ಆಮೇಲೆ ಉಂಟು ನಿಮಗೆ."

ಅಂಕಲ್ ಶವದಂತೆ ಸ್ತಬ್ಧರಾದರು.

ಅಚ್ಚು ಎದ್ದು ಬಂತು, ಜೊತೆಗೆ ಅರ್ಧ ಮೀಸೆಯೂ. ತನುಶ್ರೀ ಅದನ್ನು ಟೊಳ್ಳು ಬದಿ ಮುಂದೆ ಕಾಣುವಂತೆ ಗೋಡೆಗೊರಗಿಸಿ ಇಟ್ಟು ಕುರ್ಚಿಯಲ್ಲಿ ಕುಸಿದಳು. ಎಲ್ಲೂ ಬಿರುಕಿಲ್ಲ. ಆದರೆ ಕೆನ್ನೆಗಳು ಉಬ್ಬಿದ್ದವು, ತುಟಿ ಬಿಗಿದಿತ್ತು, ಕಣ್ಣಂಚು ಸುಕ್ಕುಗಟ್ಟಿತ್ತು. ಪ್ರಾಣ ಹೋದರೂ ನಗಲಾರೆ ಎಂದು ಹಟ ಹಿಡಿದ ಮುಖ.

"ಇದನ್ನ ನೋಡಿದ್ರೆ ಗಾಟ್‌ಲೀಬ್ ಗೋರಿಯಿಂದ ಎದ್ದು ಬಂದು ನನ್ನ ಹೊಡೀತಾನೆ," ಎಂದಳು, ಅಳುವ ಧ್ವನಿಯಲ್ಲಿ.

ಬಾಗಿಲ ಮರೆಯಿಂದ ಇಣುಕುತ್ತಿದ್ದ ಸುಮಂತನಿಗೆ ಬಯ್ಯಲು ಆಂಟಿ ಆ ಕಡೆ ಹೊರಟವರು ನಡುವೆಯೇ ನಿಂತರು. ಎರಡು ಹೆಜ್ಜೆ ಹಿಂದೆ ಬಂದರು. ಮತ್ತೆ ಮುಂದೆ ಹೋದರು.

"ಮ್ಯಾಕ್ಸಿಮ್, ಇದು ನನ್ನನ್ನೇ ನೋಡ್ತದಲ್ಲ!"

"ಟೊಳ್ಳು ಅಚ್ಚು ಹಾಗೇ ಆಂಟಿ," ಎಂದಳು ತನುಶ್ರೀ. "ನಾವು ಹೋದ ಕಡೆ ತಿರುಗಿದ ಹಾಗೆ ಕಾಣುತ್ತೆ." ಹೇಳುತ್ತ ಹೇಳುತ್ತ ಅವಳೂ ಎದ್ದು ನಿಂತು ನೋಡಿದಳು. ಆಂಟಿ ಫ್ರಿಜ್ಜಿನತ್ತ ಹೋದರೆ ಮುಖ ಫ್ರಿಜ್ಜಿನತ್ತ ತಿರುಗಿತು. ಸೋಫಾದತ್ತ ಹೋದರೆ ಸೋಫಾದತ್ತ. "ಹಾಳಾಗ್ಹೋಗ್ಲಿ, ನಾಳೆ ಇದನ್ನೇ ಕೊಡ್ತೀನಿ. ಜೀವಂತ ಮುಖ ತಾನೇ ಕೇಳಿದ್ದು?"

ಸುಮಂತ ಕಿಸಕ್ಕೆಂದ. ತನುಶ್ರೀಗೆ ತಡೆಯಲಾಗಲಿಲ್ಲ. ಆಂಟಿಯೂ ಬಾಯಿಗೆ ಸೆರಗಿಲ್ಲದೆ ಬ್ಯಾಗು ಅಡ್ಡ ಹಿಡಿದರು.

"ನೋಡು ಪೆಟ್ರೋನಿಲ್ಲಾ," ಎಂದರು ಅಂಕಲ್, ಉರಿಯುವ ಮೇಲ್ದುಟಿಯನ್ನು ಒತ್ತಿಹಿಡಿದು. "ಮುಖ ಕಿತ್ತು ಬೇರೆ ಇಟ್ಟರೂ ನಿನ್ನ ಹೆದರಿಕೆ ಹೋಗ್ಲಿಲ್ಲ ಅದಕ್ಕೆ!" ಎಂದವರೇ, ಮೂವರ ನಗುವೂ ಮುಳುಗಿಹೋಗುವಂತೆ ಗಹಗಹಿಸಿದರು.