ತಮ್ಮನಿಗಾಗಿ ಓಟ

ಇಬ್ಬರ ರಕ್ತಪರೀಕ್ಷೆಯ ವರದಿ ತರಲು ಹೋಗಿದ್ದ ತಮ್ಮ ಶಶಿಧರ ಬಾಡಿದ ಮುಖ ಹೊತ್ತು ಮರಳಿದ.

"ಅಕ್ಕಾ, ನನ್ನ ಲಿವರ್ ಹಾಳಾಗ್ತಿದೆಯಂತೆ. ನಿನ್ನದರಲ್ಲಿ ಒಂದು ತುಂಡು ಹಾಕಿದ್ರೆ ಉಳೀತೀನಂತೆ. ಆದ್ರೆ ಅದಕ್ಕೆ ನೀನು ಹತ್ತು ಕೆಜಿ ಇಳೀಬೇಕು."

ಪಂಕಜಾ ಹುಟ್ಟಿದಾಗಿನಿಂದ ಓಡಿದವಳಲ್ಲ. ಕಣ್ಣೆದುರೇ ಬಸ್ಸು ಹೊರಟರೂ ಮುಂದಿನದಕ್ಕೆ ಕಾಯುವವಳು. ಮರುದಿನ ಬೆಳಿಗ್ಗೆ ಮೈದಾನದಲ್ಲಿ ಅರ್ಧ ಸುತ್ತಿಗೇ ಎದೆ ಒಡೆದುಹೋಗುವಂತಾಯಿತು.

"ಸಾಕು ಅಕ್ಕಾ, ಕೂತ್ಕೋ," ಎಂದ ಶಶಿಧರ.

"ನಾನು ಕೂತ್ರೆ ನಿನ್ನ ಗತಿ ಏನೋ?"

ಕಾಲು ಸೋತು ನಿಂತಾಗಲೆಲ್ಲ ಬಿಳಿ ಬಟ್ಟೆ ಹೊದ್ದು ಮಲಗಿದ ತಮ್ಮ ಕಣ್ಣಿಗೆ ಕಟ್ಟುತ್ತಿದ್ದ. ಆ ಹೆದರಿಕೆಯೇ ಅವಳನ್ನು ದಿನಾ ಎಬ್ಬಿಸಿ ಓಡಿಸಿತು. ಒಂದು ಸುತ್ತು ಮೂರಾಯಿತು, ಮೂರು ಎಂಟಾಯಿತು.

ಐದನೆಯ ತಿಂಗಳು, ತಮ್ಮನಿಗೂ ಹೇಳದೆ ಆಸ್ಪತ್ರೆಗೆ ಹೋಗಿ ಮತ್ತೆ ಪರೀಕ್ಷೆ ಮಾಡಿಸಿದಳು. ಡಾಕ್ಟರು ವರದಿ ಓದಿ ತಲೆಯೆತ್ತಿದರು.

"ನಿಮ್ಮ ಲಿವರ್ ಈಗ ಚೆನ್ನಾಗಿದೆಯಮ್ಮ."

"ಹಾಗಾದ್ರೆ ತಡ ಮಾಡ್ಬೇಡಿ ಡಾಕ್ಟ್ರೇ, ನನ್ನ ತಮ್ಮನಿಗೆ ಹಾಕ್ಬಿಡಿ!"

ಡಾಕ್ಟರು ಗೊಂದಲದಿಂದ ಇಬ್ಬರ ಹಳೆಯ ವರದಿಗಳನ್ನೂ ತೆಗೆದು ನೋಡಿದರು.

"ಅವರಿಗೇನಾಗಿದೆ? ಅವತ್ತು ಹಾಳಾಗ್ತಿದ್ದದ್ದು ನಿಮ್ಮ ಲಿವರ್ ಅಲ್ವೇನಮ್ಮ?"